ಆಗುವ ಉದ್ದೇಶವೂ ಇಲ್ಲ

ಗುಬ್ಬಿಯ ಎಡಗಡೆ ಜಡೆ ಮುಗಿದಿತ್ತು. ಬಲಗಡೆಗೆ ಮೂರು ಎಳೆ ಮಾಡಿಕೊಂಡಿದ್ದೆ, ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ನನ್ನ ಮಗಳ ಕೂದಲು ಎಂಥದ್ದೆಂದರೆ, ಒಮ್ಮೆ ಕೈಬಿಟ್ಟರೆ ಮತ್ತೆ ಮೊದಲಿನಿಂದ ಬಾಚಬೇಕು. ಹಾಗಾಗಿ ಎಳೆಗಳನ್ನು ಬಿಡದೆ, ಅವಳನ್ನು ಕೂದಲಿನಿಂದಲೇ ನಡೆಸಿಕೊಂಡು ಹೋಗಿ ಬಾಗಿಲು ತೆರೆದೆ.

ಕಂಕುಳಲ್ಲಿ ಕಡತ ಇಟ್ಟುಕೊಂಡ ಒಬ್ಬರು ನಿಂತಿದ್ದರು. ನಮ್ಮಿಬ್ಬರ ಮುಖ ನೋಡಲಿಲ್ಲ. ಹೊಸ್ತಿಲ ಪಕ್ಕದ ಬೂಟುಗಳನ್ನು ನೋಡುತ್ತಿದ್ದರು.

"ಈ ಬೂಟು ಯಾರ್ದು?"

"ನಮ್ಮ ಯಜಮಾನ್ರದ್ದು."

"ಇದಾರಾ ಅವ್ರು?"

"ಇಲ್ಲ. ತೀರಿಕೊಂಡು ಮೂರು ವರ್ಷ ಆಯ್ತು."

"ತೀರಿಕೊಂಡವರ ಬೂಟಿಗೆ ಇಷ್ಟು ಪಾಲಿಶ್ ಯಾಕೆ?"

"ನಾನು ಹಾಕೋದು," ಎಂದಳು ಗುಬ್ಬಿ, ಕತ್ತು ವಾರೆ ಮಾಡಿಕೊಂಡೇ. "ಹೊರಗಡೆ ಇದ್ರೆ ಕಳ್ಳರು ಬರಲ್ವಂತೆ. ಮನೇಲಿ ಗಂಡಸಿದಾನೆ ಅಂತ ಕಾಣುತ್ತಂತೆ. ಮಾಲೀಕರಮ್ಮ ಹೇಳಿದ್ದು."

ಅವರು ಕಡತ ಬಿಚ್ಚಿ, ಗೋಡೆಗೆ ಒತ್ತಿಕೊಂಡು ಬರೆದರು. ಬರೆಯುತ್ತಾ ಬಾಯಲ್ಲೂ ಹೇಳಿಕೊಂಡರು: "ಮನೆಯಲ್ಲಿ... ಗಂಡಸು... ಇರುವಂತೆ... ಕಾಣುತ್ತದೆ."

ಇವರು ಪಿಂಚಣಿ ಕಚೇರಿಯ ತನಿಖೆಯವರು ಎಂದು ನನಗೆ ತಿಳಿದದ್ದು ಈ ಸಾಲು ಪೂರ್ತಿಯಾದ ಮೇಲೆ.

ನಮ್ಮ ಯಜಮಾನರು ಹದಿನೆಂಟು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವರು. ಗುಂಡು ಹಾರಿಸಿದವರಲ್ಲ, ಹಾರಿಸುವವರಿಗೆ ಹಿಟ್ಟು, ಎಣ್ಣೆ, ಕಂಬಳಿ ಮುಟ್ಟಿಸಿದವರು. ನಿವೃತ್ತಿಯಾಗಿ ಬಂದು ನಾಲ್ಕು ವರ್ಷ ನಮ್ಮ ಜೊತೆ ಇದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಯುದ್ಧದಲ್ಲಿ ಸತ್ತಿದ್ದರೆ ಕಲ್ಲಿನ ಮೇಲೆ ಹೆಸರು ಬರುತ್ತಿತ್ತು. ಊಟ ಮಾಡಿ ಸತ್ತದ್ದರಿಂದ ಕಡತದ ಮೇಲೆ ಬಂತು.

ಅವರ ಪಿಂಚಣಿಯಲ್ಲಿ ಅರ್ಧ ನನಗೆ ಬರುತ್ತದೆ. ಬಾಡಿಗೆ, ಗುಬ್ಬಿಯ ಶಾಲೆ ಎರಡೂ ಅದರಲ್ಲೇ ನಡೆಯಬೇಕು. ಊಟ ನನ್ನ ಹೊಲಿಗೆ ಯಂತ್ರದ್ದು. ಈ ಅರ್ಧಕ್ಕೆ ಇರುವುದು ಒಂದೇ ಶರತ್ತು, ನಾನು ಮತ್ತೆ ಮದುವೆಯಾಗಬಾರದು. ಆದೆನೆಂದರೆ ಮಾರನೆಯ ತಿಂಗಳಿಂದ ಬಂದ್. ಅದಕ್ಕೆ ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ಎರಡು ಕಾಗದ ಕೊಟ್ಟು ಬರಬೇಕು. ಒಂದು ಕಿಟಕಿಯಲ್ಲಿ, ನಾನು ಬದುಕಿದ್ದೇನೆ ಎಂದು. ಪಕ್ಕದ ಕಿಟಕಿಯಲ್ಲಿ, ಅಂಥದ್ದೇನೂ ನಡೆದಿಲ್ಲ ಎಂದು.

"ಈ ತಿಂಗಳ ಕೊನೇಲಿ ನಾನೇ ಬರ್ತಿದ್ದೆ ಸರ್," ಎಂದೆ. "ಮನೆಗೆ ಯಾಕೆ ಬಂದ್ರಿ?"

"ನಿಮ್ಮ ಮೇಲೆ ಮೂಗರ್ಜಿ ಬಂದಿದೆ."

ಹೆಸರಿಲ್ಲದ ಆ ಅರ್ಜಿಯನ್ನು ನನ್ನ ಕೈಗೆ ಕೊಡಲಿಲ್ಲ. ದೂರದಿಂದ ತೋರಿಸಿ, ತಾವೇ ಓದಿದರು. ಸದರಿ ವಿಧವೆಯ ಮನೆಗೆ ಕತ್ತರಿಗೆ ಸಾಣೆ ಹಿಡಿಯುವ ನೆಪದಲ್ಲಿ ವಾರಕ್ಕೊಮ್ಮೆ ಒಬ್ಬ ಪುರುಷನು ಬರುತ್ತಿದ್ದು, ವಾರಕ್ಕೊಮ್ಮೆ ಮೊಂಡಾಗುವ ಕತ್ತರಿ ಈ ಲೋಕದಲ್ಲಿ ಎಲ್ಲೂ ಇರುವುದಿಲ್ಲವೆಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

ಅಕ್ಷರಗಳು ಹಸಿರು ಶಾಯಿಯವು. ಪ್ರತಿ ತಿಂಗಳೂ ಹಸಿರು ಶಾಯಿಯಲ್ಲೇ ಬಾಡಿಗೆ ರಸೀದಿ ಬರೆದುಕೊಡುವ ನಮ್ಮ ಮಾಲೀಕರಮ್ಮನಿಗೆ ಈ ಮನೆ ತಮ್ಮನಿಗೆ ಬೇಕಾಗಿತ್ತು. ಮೂರು ಸಲ ಹೇಳಿದ್ದರು, "ಬೇರೆ ಕಡೆ ನೋಡ್ಕೋಮ್ಮ" ಎಂದು. ಪಿಂಚಣಿ ನಿಂತರೆ ನಾನು ನಾಲ್ಕನೆಯ ಸಲ ಹೇಳಿಸಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ.

ಆದರೆ ಅರ್ಜಿಯ ಕೊನೆಯ ಮಾತು ನಿಜವಾಗಿತ್ತು. ಅಂಥ ಕತ್ತರಿ ಲೋಕದಲ್ಲಿಲ್ಲ. ಸಾಣೆಯವರು ಎರಡು ತಿಂಗಳ ಹಿಂದೆ ಕತ್ತರಿ ವಾಪಸ್ಸು ಕೊಡುತ್ತಾ, "ಇಲ್ಲೊಂದು ಒಲೆ, ಅಲ್ಲೊಂದು ಒಲೆ. ಎರಡು ಕಡೆ ಯಾಕೆ ಉರೀಬೇಕು, ಯೋಚ್ನೆ ಮಾಡಿ," ಎಂದಿದ್ದರು. ಹೂಂ ಅಂದರೆ ಬಾಡಿಗೆ ಹೋಗುತ್ತದೆ, ಶಾಲೆ ಹೋಗುತ್ತದೆ. ಊಹೂಂ ಅನ್ನೋಣವೆಂದರೆ ನಾಲಿಗೆ ಏಳಲಿಲ್ಲ. ಕತ್ತರಿ ತೆಗೆದುಕೊಂಡು ಒಳಗೆ ಬಂದೆ. ಆಮೇಲಿನಿಂದ ಅದು ಇನ್ನೂ ಬೇಗ ಮೊಂಡಾಗತೊಡಗಿತು.

"ಬನ್ನಿ ಸರ್, ಒಳಗೆ ನೋಡಿ," ಎಂದೆ.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ತನಿಖೆಯವರ ಕೈಯಲ್ಲಿ ಅಚ್ಚು ಹಾಕಿದ ನಮೂನೆ ಇತ್ತು. ಪುರುಷ ಉಡುಪು, ಕ್ಷೌರ ಸಾಮಗ್ರಿ, ಪಾದರಕ್ಷೆ, ಹಾಸಿಗೆ, ದಿಂಬು, ಎಲ್ಲಕ್ಕೂ ಒಂದೊಂದು ಕಾಲಂ. ಇದನ್ನು ಯಾರೋ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಗಂಡಸೆಂದರೆ ಏನೇನು ಎಂದು ಯೋಚಿಸಿ ಬರೆದಿರಬೇಕು. ಪ್ರೀತಿ, ಸಿಡುಕು, ಗೊರಕೆ, ಯಾವುದಕ್ಕೂ ಕಾಲಂ ಇರಲಿಲ್ಲ.

"ಇಬ್ಬರಿಗೆ ಮೂರು ದಿಂಬು?"

"ಒಂದು ನನ್ನ ಕಾಲಿಗೆ," ಎಂದಳು ಗುಬ್ಬಿ. "ಕಾಲು ಎತ್ತರದಲ್ಲಿಟ್ಟು ಮಲಗಿದ್ರೆ ಉದ್ದ ಬೆಳೀತೀವಂತೆ."

"ಯಾರು ಹೇಳಿದ್ದು?"

"ಸಾಣೆ ಮಾಮ."

ನಾನು ಅವಳ ಕೂದಲನ್ನು ಸ್ವಲ್ಪ ಬಿಗಿಯಾಗಿ ಎಳೆದೆ. ತಡವಾಗಿತ್ತು. ತನಿಖೆಯವರ ಪೆನ್ನು ದಿಂಬಿನ ಕಾಲಂನಲ್ಲಿ ಬಹಳ ಹೊತ್ತು ಓಡಾಡಿತು.

ಹಿಂದಿನ ಅಂಗಳದಲ್ಲಿ ಹಗ್ಗದ ಮೇಲೆ ಹನ್ನೊಂದು ಅಂಗಿಗಳು ಒಣಗುತ್ತಿದ್ದವು. ನಾನು ಕಾಲರ್ ತಿರುಗಿಸಿ ಹೊಲಿಯುವವಳು. ಅಂಗಿ ಗಟ್ಟಿಯಾಗಿದ್ದು ಕಾಲರ್ ಮಾತ್ರ ಸವೆದಿದ್ದರೆ, ಅದನ್ನು ಬಿಚ್ಚಿ, ಒಳಗಿನ ಮಗ್ಗುಲು ಹೊರಗೆ ಮಾಡಿ ಕೂರಿಸಿದರೆ ಇನ್ನೆರಡು ವರ್ಷ ಹೊಸದರಂತೆ ಕಾಣುತ್ತದೆ. ಊರಿನ ಅರ್ಧ ಗುಮಾಸ್ತರ ಮರ್ಯಾದೆ ನನ್ನ ಹಗ್ಗದ ಮೇಲೆ ಒಣಗುತ್ತದೆ. ತನಿಖೆಯವರಿಗೆ ಇದನ್ನೆಲ್ಲ ನಿಧಾನವಾಗಿ ವಿವರಿಸಿದೆ. ಅವರು ನನ್ನದೇ ಅಳತೆಯ ಟೇಪು ತೆಗೆದುಕೊಂಡು ಒಂದೊಂದೇ ಕಾಲರ್ ಅಳೆದರು.

"ಒಂದಕ್ಕೂ ಒಂದಕ್ಕೂ ಅಳತೆ ಕೂಡ್ತಾ ಇಲ್ಲ."

"ಹೌದು ಸರ್. ಎಲ್ಲ ಬೇರೆ ಬೇರೆ ಗಂಡಸರದ್ದು."

ಹೇಳಿ ನಾಲಿಗೆ ಕಚ್ಚಿಕೊಂಡೆ. ಅವರು ತಲೆ ಎತ್ತಿ ಮೊದಲ ಬಾರಿಗೆ ನನ್ನ ಮುಖವನ್ನು ನೋಡಿದರು. ಹನ್ನೊಂದು ಅಂಗಿಗೆ ಸಾಲುವಂಥದ್ದು ಅದರಲ್ಲಿ ಏನಿದೆ ಎಂದು ಹುಡುಕುವ ಹಾಗೆ. ಮೂಗಿನ ಮೇಲೆ ಕನ್ನಡಕ, ಕೂದಲಲ್ಲಿ ಎರಡು ದಾರದ ತುಂಡು. ಸಿಕ್ಕಲಿಲ್ಲವೆಂದು ತೋರುತ್ತದೆ. 'ಪುರುಷ ಉಡುಪು: ಇದೆ. ಸಂಖ್ಯೆ: ಹನ್ನೊಂದು' ಎಂದು ಬರೆದುಕೊಂಡರು.

ಯಂತ್ರದ ಪಕ್ಕ ಬಿರಡೆಗೆ ಸಿಕ್ಕಿಸಿದ ಬ್ಲೇಡಿನ ತುಂಡು ಕಂಡಿತು. ಹೊಲಿಗೆ ಬಿಚ್ಚುವುದಕ್ಕೆ ಎಂದೆ. ಅವರು ನ್ಯಾಯವಂತರು. 'ಕ್ಷೌರ ಸಾಮಗ್ರಿ: ಅರ್ಧ' ಎಂದು ಬರೆದರು.

"ಈಗ ಇಬ್ಬರು ಸಾಕ್ಷಿ ಬೇಕು. ಮರ್ಯಾದಸ್ಥರು. ಅಕ್ಕಪಕ್ಕದವರು ಯಾರಾದ್ರೂ?"

"ಮಾಲೀಕರಮ್ಮನ್ನ ಕರಿಯೇ," ಎಂದೆ ಗುಬ್ಬಿಗೆ. ಬಲಗಡೆ ಕೂದಲನ್ನು ಕೈಬಿಡಬೇಕಾಯಿತು. ಅವಳು ಒಂದು ಜಡೆ, ಒಂದು ಪೊದೆಯ ಸಮೇತ ಓಡಿದಳು. ಬಾಗಿಲಲ್ಲಿ ನಿಂತು, "ಅಮ್ಮ, ಒಂದು ಕೇಳ್ಲಾ?" ಎಂದಳು.

"ಆಮೇಲೆ ಕೇಳು ಮರಿ. ಮೊದ್ಲು ಹೋಗು."

ಅಷ್ಟರಲ್ಲಿ ತನಿಖೆಯವರು ಮಂಚದ ಕೆಳಗೆ ಬಗ್ಗಿ ನೋಡಲು ಹೋದರು. ಅಲ್ಲಿ ಗಂಡಸು ಇರಲಿಲ್ಲ, ಬಟ್ಟೆ ತುಂಡುಗಳ ಮೂಟೆ ಇತ್ತು. ಏಳುವಾಗ ಅಂಗಿಯ ಜೇಬು ಯಂತ್ರದ ಹಿಡಿಕೆಗೆ ಸಿಕ್ಕಿಕೊಂಡು ಪರ್ರೆಂದು ಕಿತ್ತುಬಂತು. ಒಂದು ಪೆನ್ನು, ಒಂದು ಬಾಚಣಿಗೆ, ಸುತ್ತಿಟ್ಟ ಬಸ್ ಚೀಟಿಗಳು ನೆಲಕ್ಕೆ ಬಿದ್ದವು. ಜೇಬು ಒಂದು ದಾರದಲ್ಲಿ ನೇತಾಡಿತು.

"ಅಯ್ಯೋ," ಎಂದರು. ಆ ಬೆಳಿಗ್ಗೆ ಅವರ ಬಾಯಿಂದ ಬಂದ ಮೊದಲ ಮನುಷ್ಯರ ಮಾತು. "ಸಾಹೇಬ್ರ ಮುಂದೆ ಹೇಗೆ ಹೋಗ್ಲಿ?"

"ಕೊಡಿ ಸರ್. ಎರಡು ನಿಮಿಷದ ಕೆಲ್ಸ."

"ಬೇಡ ಬೇಡ."

"ಮೈ ಮೇಲೆ ಇದ್ದಾಗ ಯಂತ್ರಕ್ಕೆ ಹಾಕೋಕೆ ಆಗಲ್ಲ ಸರ್. ನೀವೂ ಸೇರಿ ಹೊಲ್ದುಹೋಗ್ತೀರಿ."

ಅವರು ಗೋಡೆಯ ಕಡೆ ತಿರುಗಿ ಅಂಗಿ ಬಿಚ್ಚಿ ಕೊಟ್ಟರು. ಬನಿಯನ್ನಿನ ಬೆನ್ನಿನಲ್ಲಿ ಎರಡು ತೂತು. ಪಾಪ, ಮನೆಯಲ್ಲಿ ಯಾರೂ ನೋಡುವುದಿಲ್ಲವೇನೋ. ನಾನು ಯಂತ್ರ ತುಳಿಯತೊಡಗಿದೆ. ಅವರು ಮಂಚದ ಅಂಚಿನಲ್ಲಿ, ಕಡತವನ್ನು ಎದೆಗೆ ಒತ್ತಿಕೊಂಡು, ಮೂರನೆಯ ದಿಂಬಿನ ಪಕ್ಕ ಕೂತರು.

ಮಾಲೀಕರಮ್ಮ ಗಂಡನ ಜೊತೆ ಒಳಗೆ ಬಂದದ್ದು ಆಗ.

ಅವರ ಗಂಡನಿಗೆ 'ಹೌದು ಹೌದು' ಎಂದೇ ಬೀದಿಯಲ್ಲಿ ಹೆಸರು. ಅದಕ್ಕಿಂತ ಹೆಚ್ಚು ಅವರು ಆಡಿದ್ದನ್ನು ಕೇಳಿದವರಿಲ್ಲ. ಮಾಲೀಕರಮ್ಮ ಹೊಸ್ತಿಲಲ್ಲೇ ನಿಂತರು. ಮಂಚದ ಮೇಲೆ ಬನಿಯನ್ನಿನ ಗಂಡಸು, ನನ್ನ ಕೈಯಲ್ಲಿ ಅವನ ಅಂಗಿ. ಪಾಪ, ಅವರ ಮುಖದಲ್ಲಿ ಎಂಥ ಸಂತೋಷ! ಬರೆದ ಸುಳ್ಳು ಹೀಗೆ ಎದುರು ಬಂದು ಕೂತದ್ದನ್ನು ಕಾಣುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ!

"ನೋಡಿದ್ರಾ? ಇದನ್ನೇ ನಾನು ಹೇಳ್ತಿದ್ದಿದ್ದು!"

"ಹೌದು ಹೌದು," ಎಂದರು ಗಂಡ.

ತನಿಖೆಯವರು ಎದ್ದು ನಿಂತರು. "ಅಮ್ಮಾ, ನಾನು ಪಿಂಚಣಿ ಕಚೇರಿಯಿಂದ ಬಂದಿರೋದು. ತನಿಖೆಗೆ. ಜೇಬು ಹರೀತು. ಅಷ್ಟೇ."

"ಓ, ಕಚೇರಿಯವ್ರಾ? ಹಾಗನ್ನಿ ಸ್ವಾಮಿ. ಕೂತ್ಕೊಳ್ಳಿ, ಕೂತ್ಕೊಳ್ಳಿ. ಜೇಬು ಅಂದಮೇಲೆ ಹರಿಯುತ್ತೆ."

ಮುಗಿಯಿತು. ಬನಿಯನ್ನಿನಲ್ಲಿ ನನ್ನ ಮಂಚದ ಮೇಲೆ ಕೂತವರು ಒಂದು ಮಾತು ಹೇಳಿದರು, ಎಲ್ಲರೂ ನಂಬಿದರು. ನಾನು ಮೂರು ವರ್ಷದಿಂದ ಸಹಿ ಹಾಕಿ, ಮೊಹರು ಒತ್ತಿಸಿ, ಫೋಟೋ ಅಂಟಿಸಿ ಹೇಳುತ್ತಲೇ ಇದ್ದೇನೆ.

ಹೊಲಿಗೆ ಮುಗಿಸಿ ದಾರ ಕತ್ತರಿಸಿಕೊಟ್ಟೆ. ಅಂಗಿ ತೊಟ್ಟ ಕೂಡಲೇ ಅವರಿಗೆ ಅಧಿಕಾರ ಮರಳಿತು. ನಮೂನೆಯ ಕೊನೆಯ ಸಾಲು ಓದಿದರು: "ತನಿಖೆಯ ವೇಳೆ ಮನೆಯಲ್ಲಿ ಪುರುಷನು ಕಂಡುಬಂದನೇ?"

"ಕಂಡುಬಂದ್ನಲ್ಲ," ಎಂದರು ಮಾಲೀಕರಮ್ಮ.

"ಯಾರು?"

"ನೀವು."

"ನನ್ನ ಬಿಟ್ಟು ಅಮ್ಮ."

"ನಿಮ್ಮ ಬಿಟ್ಟು ಅಂತ ಅದ್ರಲ್ಲಿ ಬರ್ದಿದೆಯಾ? ನಾವು ಇರೋದನ್ನ ಇದ್ದ ಹಾಗೆ ಹೇಳೋ ಜನ ಸ್ವಾಮಿ."

ತನಿಖೆಯವರು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬರೆದಿರಲಿಲ್ಲ. ಗಂಡಸನ್ನು ಹುಡುಕಲು ಹೋಗುವವನೂ ಗಂಡಸೇ ಆಗಿರುತ್ತಾನೆಂದು ಕುರ್ಚಿಯಲ್ಲಿ ಕೂತವರಿಗೆ ಹೊಳೆದಿರಲಿಲ್ಲ. ಅವರ ಹಣೆಯಲ್ಲಿ ಬೆವರು ಕಂಡಿತು.

"ಅಮ್ಮಾ, ಕಂಡುಬಂದ ಅಂತ ಬರೆದ್ರೆ ಹೆಸರೂ ಬರೀಬೇಕು. ನನ್ನ ಹೆಸರು ಬರೆದ್ರೆ ನನ್ನ ಮೇಲೆ ತನಿಖೆ ಆಗುತ್ತೆ. ಆಗ ನೋಡಿದ ಸಾಕ್ಷಿ ಅಂತ ನಿಮ್ಮಿಬ್ಬರನ್ನೂ ಕರೀತಾರೆ. ತಿಂಗಳಿಗೆ ಎರಡು ಸಲ. ಮೂರು ನಾಲ್ಕು ವರ್ಷ."

"ಹೌದು ಹೌದು," ಎಂದ ಗಂಡನಿಗೆ ಮಾಲೀಕರಮ್ಮ ಮೊಣಕೈಯಿಂದ ತಿವಿದರು. "ಸುಮ್ನಿರ್ರೀ. ಇಲ್ಲ ಅಂತ ಬರ್ಕೊಳ್ಳಿ ಸ್ವಾಮಿ. ನಾವೇನೂ ನೋಡ್ಲಿಲ್ಲ."

ಅವರು 'ಇಲ್ಲ' ಎಂದು ಬರೆದುಕೊಂಡರು. ಮಾಲೀಕರಮ್ಮ ತಮ್ಮದೇ ಪೆನ್ನು ತೆಗೆದು ಹಸಿರು ಶಾಯಿಯಲ್ಲಿ ಸಹಿ ಮಾಡಿದರು. ತನಿಖೆಯವರು ಆ ಸಹಿಯನ್ನೊಮ್ಮೆ, ಮೂಗರ್ಜಿಯನ್ನೊಮ್ಮೆ ನೋಡಿದರು. ಶಾಯಿಯ ಬಣ್ಣಕ್ಕೂ ನಮೂನೆಯಲ್ಲಿ ಕಾಲಂ ಇರಲಿಲ್ಲ. ಕಡತ ಮುಚ್ಚಿದರು.

"ನೀವು ಇವತ್ತು ಹನ್ನೆರಡು ಗಂಟೆ ಒಳಗೆ ಕಚೇರಿಗೆ ಬಂದು ಸಾಹೇಬ್ರ ಮುಂದೆ ಸಹಿ ಹಾಕ್ಬೇಕು," ಎಂದರು ನನಗೆ. "ಮೂಗರ್ಜಿ ಬಂದ ಮೇಲೆ ತಿಂಗಳ ಕೊನೆವರೆಗೆ ಕಾಯೋ ಹಾಗಿಲ್ಲ. ಈ ವರ್ಷ ಹೊಸ ಕಾಗದ ಬಂದಿದೆ. ಸಹಿ ಇಲ್ದಿದ್ರೆ ಈ ತಿಂಗಳದ್ದೇ ನಿಲ್ಲುತ್ತೆ." ಬಾಗಿಲ ತನಕ ಹೋಗಿ ಜೇಬು ಮುಟ್ಟಿ ನೋಡಿಕೊಂಡು, "ಹೊಲಿಗೆ ಗಟ್ಟಿಯಾಗಿದೆ," ಎಂದರು. ಅದು ಧನ್ಯವಾದ ಇರಬಹುದು.

ಗುಬ್ಬಿಯ ಶಾಲೆಗೆ ಹೊತ್ತು ಮೀರಿತ್ತು. ಒಬ್ಬಳನ್ನೇ ಬಿಟ್ಟುಹೋಗುವ ಹಾಗಿಲ್ಲ, ಕರೆದುಕೊಂಡೇ ಹೊರಟೆ. ಬಲಗಡೆ ಕೂದಲಿಗೆ ಒಂದು ರಬ್ಬರ್ ಸುತ್ತಿದೆ. ಅವಳು ದಾರಿಯುದ್ದಕ್ಕೂ ನನ್ನ ಬೆರಳು ಹಿಡಿದು ಎಳೆಯುತ್ತಿದ್ದಳು.

"ಅಮ್ಮ, ಒಂದು ಕೇಳ್ಬೇಕಿತ್ತು."

"ಬೇಗ ನಡಿ ಮರಿ. ಬಾಯಿಗೆ ಆಮೇಲೆ ಕೆಲ್ಸ ಕೊಡೋಣ, ಈಗ ಕಾಲಿಗೆ."

ಮಾಂಸದ ಅಂಗಡಿಯ ಮುಂದೆ ಸಾಣೆಯವರು ಸೈಕಲ್ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಪಟ್ಟಿ ಕಟ್ಟಿ ತುಳಿಯುತ್ತಿದ್ದರು. ಕಲ್ಲಿನ ಮೇಲೆ ದೊಡ್ಡ ಚೂರಿ ಕಿಡಿ ಹಾರಿಸುತ್ತಿತ್ತು. ನಮ್ಮನ್ನು ಕಂಡು ಕಾಲು ನಿಲ್ಲಿಸಿದರು. ಚಕ್ರ ತನ್ನಷ್ಟಕ್ಕೆ ಸ್ವಲ್ಪ ಹೊತ್ತು ತಿರುಗಿತು.

"ಕತ್ತರಿ ತಂದ್ರಾ?"

"ಇಲ್ಲ. ಕಚೇರಿಗೆ ಹೊರಟಿದ್ದೀನಿ."

"ಮದುವೆ ಆಗಿಲ್ಲ ಅಂತ ಹೇಳೋದಕ್ಕಾ?"

"ಹೂಂ."

"ಹೇಳಿ ಬನ್ನಿ ಮತ್ತೆ. ಇನ್ನೂ ನಿಜಾನೇ ಅಲ್ವಾ?" ನಕ್ಕರು. ಆದರೆ ಕಣ್ಣು ಚೂರಿಯ ಬಾಯಿಯ ಮೇಲಿತ್ತು. ಹೆಬ್ಬೆರಳಲ್ಲಿ ಅದನ್ನು ಸವರುತ್ತಾ ಮೆತ್ತಗೆ ಹೇಳಿದರು, "ನಾನೂ ಯೋಚ್ನೆ ಮಾಡ್ದೆ. ಊರಿನ ಕತ್ತರಿ ಎಲ್ಲ ಒಂದೇ ದಿನ ಮೊಂಡಾದ್ರೂ ನಿಮ್ಮ ಯಜಮಾನ್ರ ಅರ್ಧಕ್ಕೆ ನಾನು ಸಮ ಆಗಲ್ಲ. ನೀವು ನನಗೋಸ್ಕರ ಕಷ್ಟಕ್ಕೆ ಬೀಳ್ಬೇಡಿ."

ಸತ್ತವರ ಅರ್ಧ, ಬದುಕಿರುವವರ ಇಡಿಗಿಂತ ಹೆಚ್ಚು ತೂಗುತ್ತದೆ. ತಕ್ಕಡಿ ಕಚೇರಿಯದ್ದು. "ನಾಳೆ ಕತ್ತರಿ ಕಳಿಸ್ತೀನಿ," ಎಂದೆ.

"ನಿನ್ನೆ ತಾನೇ ಹಿಡಿದುಕೊಟ್ಟಿದ್ದು."

"ಗೊತ್ತು."

ಅವರು ತಲೆ ಎತ್ತಿದರು. ಗುಬ್ಬಿ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. "ಮಾಮ, ಚಕ್ರ ತುಳೀಲಾ?" ಎನ್ನುವುದು ಅವಳ ಯಾವತ್ತಿನ ಮಾತು. ಆ ದಿನ ಅದನ್ನು ಹೇಳಲಿಲ್ಲ.

ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಯೋಧರ ಕುಟುಂಬಗಳಿಗೆ ನಮ್ಮ ನಮನ' ಎಂದಿದೆ. ಅದರ ಕೆಳಗಿನ ಬೆಂಚಿಗೆ ಮೂರು ಕಾಲು. ನಾಲ್ಕನೆಯದರ ಜಾಗದಲ್ಲಿ ಹಳೆಯ ಕಡತಗಳನ್ನು ಪೇರಿಸಿದ್ದಾರೆ. ಯಾರ ಯಾರ ಯಜಮಾನರೋ, ನಮ್ಮ ಭಾರ ಹೊತ್ತಿದ್ದಾರೆ. ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಎಂಬತ್ತು ದಾಟಿರಬೇಕು. ಹಲ್ಲಿಲ್ಲದ ಬಾಯಿ, ಕೈಯಲ್ಲಿ ಎರಡು ಕಾಗದ.

"ಬಾರಮ್ಮ, ಕೂತ್ಕೋ. ನಡುಮಧ್ಯೆ ಕೂತ್ಕೋ, ಅಂಚಿಗೆ ಕೂತ್ರೆ ಬೀಳ್ತೀಯ. ನಿನ್ನದು ಯಾವ ಕಿಟಕಿ? ಬದುಕಿರೋದಾ, ಮದುವೇದಾ?"

"ಸಾಹೇಬ್ರ ಕೋಣೆ ಅಜ್ಜಿ. ಮೂಗರ್ಜಿ ಬಂದಿದೆ."

ಅಜ್ಜಿ ನನ್ನನ್ನು ಗೌರವದಿಂದ ನೋಡಿದರು. "ಪುಣ್ಯವಂತೆ ಕಣೆ. ನಲವತ್ತು ವರ್ಷದಿಂದ ಬರ್ತಿದ್ದೀನಿ, ನನ್ನ ಮೇಲೆ ಒಬ್ಬನೂ ಬರೀಲಿಲ್ಲ. ಹೋದ ವರ್ಷ ಆ ಗುಮಾಸ್ತ ಕೇಳ್ತಾನೆ, ಅಜ್ಜಿ, ಮದುವೆ ಆಗಿಲ್ಲ ತಾನೇ? ನಾನಂದೆ, ಇಲ್ಲಪ್ಪ, ನಿನಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳು, ಸಹಿ ಆಮೇಲೆ ಹಾಕ್ತೀನಿ." ಬೆಂಚು ಅಲುಗುವಷ್ಟು ನಕ್ಕರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಯಾರಾದ್ರೂ ಇದಾನೇನೇ?"

ನಾನು ಗುಬ್ಬಿಯ ರಬ್ಬರ್ ಬಿಚ್ಚಿ ಮತ್ತೆ ಸುತ್ತಿದೆ. ಅಷ್ಟು ಸಾಕಾಯಿತು ಅವರಿಗೆ.

"ಇದ್ರೆ ಇಟ್ಕೋ. ಮದುವೆ ಮಾತ್ರ ಆಗ್ಬೇಡ. ಕಾಗದಕ್ಕೆ ಕಣ್ಣಿಲ್ಲ. ನಮ್ಮ ಬೀದೀಲಿ ಮೂವರು ಹಾಗೇ ಇದಾರೆ. ಸುಳ್ಳು ಹೇಳಿದೋರಿಗೆ ತಿಂಗಳು ತಿಂಗಳು ಬರುತ್ತೆ, ನಿಜ ಹೇಳಿದೋಳಿಗೆ ನಿಲ್ಲುತ್ತೆ. ಒಬ್ಳು ನಿಜ ಹೇಳಿದ್ಲು, ಪಾಪ. ಈಗ ಪಾತ್ರೆ ತೊಳೀತಾಳೆ, ನಾಲ್ಕು ಮನೇಲಿ."

ಗುಬ್ಬಿ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಕೇಳಿಸದ ಮಾತು ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

ಸಾಹೇಬರು ನಾನು ಒಳಗೆ ಹೋದಾಗ ಕುರ್ಚಿಯಿಂದ ಅರ್ಧ ಎದ್ದರು. ಒಳ್ಳೆಯವರು. ಅರ್ಧ ಪಿಂಚಣಿಯವರಿಗೆ ಅರ್ಧ ಏಳುವುದು ಲೆಕ್ಕಕ್ಕೂ ಸರಿ. ಪಕ್ಕದಲ್ಲಿ ನಮ್ಮ ತನಿಖೆಯವರು, ಹೊಸ ಹೊಲಿಗೆಯ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಬಾಗಿಲು ಮುಚ್ಚಿರಲಿಲ್ಲ. ಹೊರಗಿನ ಸಾಲು ಅಲ್ಲಿಂದಲೇ ಕತ್ತು ಚಾಚಿತ್ತು, ಎಲ್ಲರಿಗಿಂತ ಮುಂದೆ ಅಜ್ಜಿ.

"ಕೂತ್ಕೊಳ್ಳಿ ತಾಯಿ. ನಿಮ್ಮಂಥವರಿಗೆ ದೇಶ ಋಣಿಯಾಗಿದೆ," ಎಂದರು ಸಾಹೇಬರು, ಕಾಗದವನ್ನು ನನ್ನ ಕಡೆ ತಳ್ಳುತ್ತಾ. "ವರದಿ ನೋಡಿದೆ. ಗಂಡಸು ಕಂಡುಬಂದಿಲ್ಲ ಅಂತಿದೆ. ಅಂಗಿ ಮಾತ್ರ ಹನ್ನೊಂದು ಯಾಕೋ ಗೊತ್ತಾಗ್ಲಿಲ್ಲ. ಇರ್ಲಿ. ಇಲ್ಲಿ ಸಹಿ ಹಾಕಿ."

ಪೆನ್ನು ತೆಗೆದುಕೊಂಡೆ. ಮೂರು ವರ್ಷ ಇದೇ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ್ದೇನೆ. ಈ ಸಲ ಸಾಲು ಉದ್ದವಾಗಿ ಕಂಡಿತು. 'ನಾನು ಮರುಮದುವೆ ಆಗಿರುವುದಿಲ್ಲ' ಎಂದಷ್ಟೇ ಇದ್ದದ್ದು, ಈಗ 'ಆಗುವ ಉದ್ದೇಶವೂ ಇಲ್ಲ' ಎಂದು ಮುಂದುವರಿದಿತ್ತು.

"ಇದೇನು ಸರ್, ಉದ್ದೇಶ?"

"ಅದು ಹೊಸದು ತಾಯಿ. ಮೇಲಿಂದ ಬಂದಿದೆ. ಕೆಲವ್ರು ಇವತ್ತು ಕಾಗದ ಕೊಡ್ತಾರೆ, ನಾಳೆ ಮದುವೆ ಆಗ್ತಾರೆ. ಅದಕ್ಕೆ ಮುಂಚೇನೇ ಕೇಳಿಬಿಡೋದು."

"ಉದ್ದೇಶ ಇದೆಯೋ ಇಲ್ವೋ ಅಂತ ಹೇಗೆ ತನಿಖೆ ಮಾಡ್ತೀರಿ?"

ಸಾಹೇಬರು ತನಿಖೆಯವರನ್ನು ನೋಡಿದರು. ತನಿಖೆಯವರು ನನ್ನ ತಲೆಯನ್ನು ನೋಡಿದರು. ಅದರೊಳಗೆ ಎಷ್ಟು ದಿಂಬುಗಳಿರಬಹುದೆಂದು ಅಂದಾಜು ಮಾಡುತ್ತಿದ್ದರೇನೋ.

"ತನಿಖೆ ಏನಿಲ್ಲ, ನೀವು ಹೇಳಿದ್ರೆ ನಾವು ನಂಬ್ತೀವಿ," ಎಂದರು ಸಾಹೇಬರು. "ಆಮೇಲೆ ಅದು ಸುಳ್ಳು ಅಂತಾದ್ರೆ ಕೊಟ್ಟಿದ್ದೆಲ್ಲ ವಾಪಸ್ಸು ಕಟ್ಟಿಸ್ಕೋತೀವಿ."

ಮೊದಲ ಅರ್ಧಕ್ಕೆ ನನ್ನ ಕೈ ಸಿದ್ಧವಾಗಿತ್ತು. ಎರಡನೆಯ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಸುಳ್ಳು ಹೇಳುವುದು ಕಷ್ಟವೆಂದಲ್ಲ. ಗುಬ್ಬಿಯ ಶಾಲೆಗಾಗಿ ಇದಕ್ಕಿಂತ ದೊಡ್ಡ ಸುಳ್ಳನ್ನೂ ಹೇಳಬಲ್ಲೆ. ಆದರೆ ಹೊರಗೆ ಹೋದ ಮೇಲೆ ಆ ಮಾಂಸದ ಅಂಗಡಿಯ ಮುಂದೆಯೇ ಹಾದುಹೋಗಬೇಕು. ಆಗಿಲ್ಲ ಎಂದು ಹೇಳಿ ಬಂದೆ ಎನ್ನಬಹುದು. ಆಗುವುದೂ ಇಲ್ಲವೆಂದು ಹೇಳಿ ಬಂದೆ ಎಂದು ಹೇಗೆ ಹೇಳಲಿ?

"ಹಾಕಿ ತಾಯಿ, ಸಾಲು ಕಾಯ್ತಿದೆ."

"ಸಾಲಿಗೇನೂ ಅವಸರ ಇಲ್ಲ," ಎಂದರು ಬಾಗಿಲಲ್ಲಿ ಅಜ್ಜಿ.

"ಮದುವೆ ಆದ್ರೆ ಯಾಕೆ ನಿಲ್ಲಿಸ್ತೀರಿ ಸರ್?" ಎಂದೆ. ಇಷ್ಟು ವರ್ಷ ಕೇಳದ ಮಾತು ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಸಾಹೇಬರು ಮಕ್ಕಳಿಗೆ ಹೇಳಿಕೊಡುವವರ ಹಾಗೆ ಸಮಾಧಾನದಿಂದ ಹೇಳಿದರು. "ನೋಡಿ ತಾಯಿ, ಇದು ಭಿಕ್ಷೆ ಅಲ್ಲ. ನಿಮ್ಮ ಯಜಮಾನ್ರು ಹದಿನೆಂಟು ವರ್ಷ ಸೇವೆ ಮಾಡಿದ್ರು. ಆ ಸೇವೆಗೆ ದೇಶ ಕೊಡ್ತಿರೋ ಗೌರವ ಇದು. ಅವರು ದುಡಿದಿದ್ದು. ಅದನ್ನ ಯಾರೂ ಅಳಿಸೋಕೆ ಆಗಲ್ಲ. ನೀವು ಇನ್ನೊಬ್ಬರ ಹೆಂಡತಿ ಆದ್ರೆ ಮಾತ್ರ, ನಿಲ್ಲುತ್ತೆ."

ಗುಬ್ಬಿ ನನ್ನ ತೋಳು ಎಳೆದಳು. "ಅಮ್ಮ, ಈಗ್ಲಾದ್ರೂ ಕೇಳ್ಲಾ?"

ಸುಮ್ಮನಿರು ಎನ್ನಲು ಬಾಯಿ ತೆರೆದೆ. ಬೆಳಿಗ್ಗೆಯಿಂದ ಎಷ್ಟು ಸಲ ಅಂದಿದ್ದೆ! ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟೆ.

"ಕೇಳು ಮರಿ," ಎಂದೆ. "ಜೋರಾಗಿ ಕೇಳು. ಸಾಹೇಬ್ರನ್ನೇ ಕೇಳು."

ಅವಳು ಮೇಜಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು. ಒಂದು ಕಡೆ ಜಡೆ, ಒಂದು ಕಡೆ ಪೊದೆ.

"ಅಮ್ಮ ಸಾಣೆ ಮಾಮನ್ನ ಮದುವೆ ಆದ್ರೆ, ನಮ್ಮಪ್ಪ ಹದಿನೆಂಟು ವರ್ಷ ಲಾರಿ ಓಡಿಸಿದ್ದು ಸುಳ್ಳಾಗಿಬಿಡುತ್ತಾ?"